ತಾನೇ ಕಲಿತ ಲೆಕ್ಕ

ಗಣಿತವೆಂದೊಡನೆ ನಮ್ಮಲ್ಲಿ ಹಲವರಿಗೆ ಮೊದಲು ನೆನಪಾಗುವುದು ಅಂಕೆಗಳಲ್ಲ, ಮಾಸ್ತರರ ಕೈಯ ಬೆತ್ತ. ಬೆತ್ತ ಹೋಗಿ ಬಹಳ ಕಾಲವಾಯಿತು. ಅದರ ಅಂಜಿಕೆ ಮಾತ್ರ ಉಳಿದಿದೆ. ಕಾವ್ಯವನ್ನು ಮನೆಯಲ್ಲಿ ಕುಳಿತು ಓದಬಹುದು, ಸಂಗೀತವನ್ನು ಕೇಳಿ ಕೇಳಿ ಸವಿಯಬಹುದು, ಆದರೆ ಗಣಿತವನ್ನು ಕಪ್ಪುಹಲಗೆಯ ಮುಂದೆ, ಪರೀಕ್ಷೆಯ ಭಯದಲ್ಲಿಯೇ ಕಲಿಯಬೇಕೆಂಬ ನಂಬಿಕೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಶಾಲೆ ಬಿಟ್ಟವನಿಗೆ ಸಂತೆಯ ಲೆಕ್ಕ ಉಳಿಯಬಹುದು, ಗಣಿತ ಅಲ್ಲಿಗೆ ಮುಗಿಯಿತೆಂದೇ ಜನರ ಎಣಿಕೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ? ಶಾಲೆಯ ಹೊರಗೆ ತನ್ನಷ್ಟಕ್ಕೆ ತಾನು ಗಣಿತ ಕಲಿಯುವವನು ‘ನನಗೆ ಇದು ತಿಳಿಯಿತು’ ಎಂದರೆ, ಹಾಗೆನ್ನುವ ಅಧಿಕಾರವನ್ನು ಅವನಿಗೆ ಕೊಟ್ಟವರು ಯಾರು? ಮೇಲುನೋಟಕ್ಕೆ ಇದು ಶಿಕ್ಷಣದ ಪ್ರಶ್ನೆ. ಒಳಹೊಕ್ಕು ನೋಡಿದರೆ ನೀತಿಯ ಪ್ರಶ್ನೆ.

ಈ ಪ್ರಶ್ನೆಯನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ನಿಂತು ಕೇಳುವುದು ಉಚಿತವೆಂದು ತೋರುತ್ತದೆ. ಉತ್ತರದಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ. ನಡುವೆ ಬಹುಕಾಲ ಮಳೆಯನ್ನೇ ನಂಬಿ ಬಾಳಿದ ಎರೆಭೂಮಿ. ಮಳೆಯನ್ನು ನಂಬಿದವನು ಲೆಕ್ಕ ಮಾಡದೆ ಬದುಕಲಾರ. ಬಿತ್ತಲು ಎಷ್ಟು ಜೋಳ ಎತ್ತಿಡಬೇಕು, ಉಳಿದದ್ದು ಎಷ್ಟು ತಿಂಗಳಿಗೆ ಸಾಕು, ಕಣಕಿ ಎತ್ತುಗಳಿಗೆ ಯಾವಾಗಿನವರೆಗೆ ಬಂದೀತು, ಬರ ಬಿದ್ದರೆ ಎಷ್ಟು ಜನ ದುಡಿಯಲು ಊರು ಬಿಡಬೇಕು, ಇವೆಲ್ಲ ಬಾಯಿಲೆಕ್ಕಗಳೇ. ಓದು ಬರಹ ಬಾರದ ಮುದುಕರು ಎಕರೆ ಗುಂಟೆಗಳನ್ನು ಅಣ್ಣತಮ್ಮಂದಿರಿಗೆ ಪಾಲು ಹಾಕಿ, ಒಬ್ಬರೂ ಜಗಳ ತೆಗೆಯದಂತೆ ಮಾಡಿದ್ದನ್ನು ಆ ಸೀಮೆಯವರೆಲ್ಲ ಬಲ್ಲರು.

ಒಂದು ಉದಾಹರಣೆ ಸಾಕು. 1957ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ನಯಾಪೈಸೆ ಬಂತು. ಅದುವರೆಗೆ ರೂಪಾಯಿಗೆ ಹದಿನಾರು ಆಣೆ. ಅಂದಿನಿಂದ ನೂರು ಪೈಸೆ. ಆಣೆಗೆ ಆರೂಕಾಲು ಪೈಸೆಯಾಗಬೇಕಾಯಿತು, ಆದರೆ ಕಾಲು ಪೈಸೆಯ ನಾಣ್ಯವಿಲ್ಲ. ಆದ್ದರಿಂದ ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು ಎಂದು ಸರಕಾರ ಗೊತ್ತುಮಾಡಿತು. ಈಗ ವಾಚಕರು ಸ್ವಲ್ಪ ಯೋಚಿಸಬೇಕು. ಒಂದಾಣೆಯ ನಾಲ್ಕು ವಸ್ತುಗಳನ್ನು ಬೇರೆ ಬೇರೆಯಾಗಿ ಕೊಂಡರೆ ಇಪ್ಪತ್ನಾಲ್ಕು ಪೈಸೆ. ಒಟ್ಟಿಗೆ ಕೊಂಡರೆ ಇಪ್ಪತ್ತೈದು. ಆ ಒಂದು ಪೈಸೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ಕಾಯಿಪಲ್ಲೆ ಮಾರುವ ಹೆಂಗಸಿಗೂ ಕೊಳ್ಳುವ ಹೆಂಗಸಿಗೂ ಈ ಪ್ರಶ್ನೆ ಎದುರಾಗದೆ ಇರಲಿಲ್ಲ. ಅದಕ್ಕೆ ಪಾಠವಿರಲಿಲ್ಲ, ಪುಸ್ತಕವೂ ಇರಲಿಲ್ಲ. ಭಿನ್ನರಾಶಿಯನ್ನು ಪೂರ್ಣಾಂಕಕ್ಕೆ ತಿದ್ದಿದರೆ ಕೂಡಿಸುವ ಕ್ರಮದಿಂದಲೇ ಮೊತ್ತ ಬೇರೆಯಾಗಬಹುದೆಂಬ ತತ್ವ ಅಲ್ಲಿ, ಸಂತೆಯ ಗದ್ದಲದಲ್ಲಿ, ಕಣ್ಣೆದುರಿಗೆ ಬಿದ್ದಿತ್ತು.

ಇದು ಬರಿಯ ವ್ಯವಹಾರದ ಲೆಕ್ಕ, ಗಣಿತವೆಂದರೆ ಬೇರೆಯೇ ಒಂದು ವಿದ್ಯೆ ಎಂದು ಪಂಡಿತರು ಹೇಳಬಹುದು. ಆ ಮಾತನ್ನು ಅರ್ಧ ಒಪ್ಪೋಣ. ‘ಎಷ್ಟು’ ಎಂದು ಕೇಳುವುದು ಲೆಕ್ಕ. ‘ಏಕೆ’ ಎಂದು ಕೇಳತೊಡಗಿದರೆ ಅದು ಗಣಿತ. ಆದರೆ ‘ಏಕೆ’ ಎಂದು ಕೇಳಲು ಶಾಲೆಯ ಚೀಟಿ ಬೇಕೆಂದು ಯಾರು ಹೇಳಿದರು?

ಒಂದು ಮುಷ್ಟಿ ಜೋಳದ ಕಾಳು ತೆಗೆದುಕೊಂಡು ಕುಳಿತುಕೊಳ್ಳಿ. ಒಂದು ಕಾಳು ಇಡಿ. ಅದರ ಬಲಕ್ಕೊಂದು, ಕೆಳಕ್ಕೊಂದು, ಮೂಲೆಗೊಂದು, ಹೀಗೆ ಮೂರು ಕಾಳು ಸೇರಿಸಿ. ಎರಡು ಸಾಲಿನ ಚೌಕವಾಯಿತು, ನಾಲ್ಕು ಕಾಳು. ಅದೇ ರೀತಿ ಎರಡು ಬದಿಗೂ ಮೂಲೆಗೂ ಐದು ಕಾಳು ಸೇರಿಸಿದರೆ ಮೂರು ಸಾಲಿನ ಚೌಕ, ಒಂಬತ್ತು. ಮುಂದೆ ಏಳು ಸೇರಿಸಿದರೆ ಹದಿನಾರು. ಒಂದರಿಂದ ಮೊದಲುಗೊಂಡು ಬೆಸಸಂಖ್ಯೆಗಳನ್ನು ಕ್ರಮವಾಗಿ ಕೂಡಿಸುತ್ತ ಹೋದರೆ ಪ್ರತಿಸಲವೂ ವರ್ಗವೇ ಬರುತ್ತದೆ. ಏಕೆ ಬರುತ್ತದೆ? ಚೌಕದ ಬಲಬದಿಗೆ ಒಂದು ಸಾಲು, ಕೆಳಬದಿಗೆ ಒಂದು ಸಾಲು, ಮೂಲೆಗೆ ಒಂದು ಕಾಳು. ಎರಡು ಸಮಸಾಲುಗಳಿಗೆ ಒಂದು ಸೇರಿದರೆ ಬೆಸವಲ್ಲದೆ ಮತ್ತೇನು? ಚೌಕ ಒಂದು ಮೆಟ್ಟಿಲು ಬೆಳೆದಾಗ ಆ ಸಾಲುಗಳೂ ಒಂದೊಂದು ಕಾಳಿನಷ್ಟು ಬೆಳೆಯುತ್ತವೆ. ಆದ್ದರಿಂದ ಮುಂದಿನ ಸಲ ಸೇರಿಸಬೇಕಾದದ್ದು ಮುಂದಿನ ಬೆಸಸಂಖ್ಯೆಯೇ. ಇಷ್ಟು ಕಂಡವನಿಗೆ ಮೊದಲ ನೂರು ಬೆಸಸಂಖ್ಯೆಗಳ ಮೊತ್ತ ಹತ್ತುಸಾವಿರವೆಂದು ಹೇಳಲು ಕೂಡಿಸಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಯೂ ಇಲ್ಲ.

ಈ ಕೊನೆಯ ಮಾತಿನಲ್ಲಿಯೇ ಗಣಿತದ ವಿಶೇಷ ಅಡಗಿದೆ. ಅಕಬರನು ಯಾವಾಗ ಪಟ್ಟಕ್ಕೆ ಬಂದನೆಂಬುದನ್ನು ನಾನು ಮತ್ತೊಬ್ಬರ ಮಾತಿನ ಮೇಲೆ ನಂಬಬೇಕು. ಔಷಧಿ ಗುಣ ಕೊಡುವುದೆಂಬುದನ್ನು ವೈದ್ಯರ ಮಾತಿನ ಮೇಲೆ ನಂಬಬೇಕು. ಕಾಳುಗಳ ಚೌಕದ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ನಂಬಬೇಕಾಗಿಲ್ಲ. ಕಂಡವನಿಗೆ ಅದು ಕಂಡಿತು. ಇಲ್ಲಿ ಕುರಿ ಕಾಯುವ ಹುಡುಗನ ಸಾಧನೆಯೂ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಸಾಧನೆಯೂ ಒಂದೇ ತೂಕ. ಜಾತಿ, ಹಣ, ಪದವಿ ಯಾವುದೂ ತಕ್ಕಡಿಯನ್ನು ಬಾಗಿಸಲಾರದು.

ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯಲ್ಲಿ. ಬಿಜ್ಜಳನಲ್ಲಿ ಮೊದಲು ಕರಣಿಕನಾಗಿ ಸೇರಿ ಮುಂದೆ ಭಂಡಾರಿಯಾದರೆಂದು ಅವರ ಚರಿತ್ರೆಗಳು ಹೇಳುತ್ತವೆ. ಎಂದರೆ ಲೆಕ್ಕ ಅವರ ಕಾಯಕವಾಗಿತ್ತು. ಭಂಡಾರದ ಹಣ ಜಂಗಮರ ಪಾಲಾಗುತ್ತಿದೆಯೆಂದು ಯಾರೋ ಚಾಡಿ ಹೇಳಿದರಂತೆ. ಅರಸನು ಎಣಿಸಿ ನೋಡಿದಾಗ ಒಂದು ಕಾಸೂ ಕಡಮೆಯಾಗಿರಲಿಲ್ಲವಂತೆ. ಭಕ್ತರು ಇದನ್ನು ಪವಾಡವೆಂದು ಓದುತ್ತಾರೆ. ಲೆಕ್ಕಿಗನೊಬ್ಬ ಓದಿದರೆ ಅವನಿಗೆ ಬೇರೊಂದು ಅರ್ಥ ತೋರೀತು: ಅರಸ ಮುನಿದರೂ ಒಲಿದರೂ ಸರಿಯಾದ ಮೊತ್ತ ಸರಿಯಾದ ಮೊತ್ತವೇ. ಬಲ್ಲವನಿಗೆ ಅದಕ್ಕಿಂತ ದೊಡ್ಡ ಆಸರೆ ಇಲ್ಲ.

ಈ ಆಸರೆ ಇಲ್ಲದವನ ಪಾಡನ್ನೂ ನೋಡಬೇಕು. ಬರಗಾಲದ ಸೀಮೆಯಲ್ಲಿ ಸಾಲ ಹೊಸದಲ್ಲ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯೆಂದರೆ ಕೇಳಲು ಅಲ್ಪವಾಗಿಯೇ ಇದೆ. ಸರಳಬಡ್ಡಿಯಾದರೆ ನೂರು ರೂಪಾಯಿ ಮೂರು ವರ್ಷಕ್ಕೆ 208 ರೂಪಾಯಿ ಆಗುತ್ತದೆ. ತಿಂಗಳು ತಿಂಗಳು ಬಡ್ಡಿಯನ್ನು ಅಸಲಿಗೆ ಸೇರಿಸಿ ಚಕ್ರಬಡ್ಡಿ ಹಾಕಿದರೆ ಅದೇ ನೂರು ಹತ್ತಿರ ಹತ್ತಿರ 290 ಆಗುತ್ತದೆ. ಈ 82 ರೂಪಾಯಿಯ ಅಂತರ ಕಾಣದವನು ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾನೆ. ತಾನೇ ಬಿಲ್ವಿದ್ಯೆ ಕಲಿತ ಏಕಲವ್ಯ ಹೆಬ್ಬೆರಳನ್ನು ಗುರುದಕ್ಷಿಣೆಯಾಗಿ ಕೊಟ್ಟನೆಂದು ನಾವು ಓದಿ ಮರುಗುತ್ತೇವೆ. ಲೆಕ್ಕ ಕಲಿಯದವನು ಅದೇ ಬೆರಳನ್ನು ಸಾಲಪತ್ರದ ಮೇಲೆ ಒತ್ತಿ ಹೊಲವನ್ನೇ ಕೊಟ್ಟುಬಿಡುವುದನ್ನು ಕಂಡು ನಾವು ಅಷ್ಟು ಮರುಗುವುದಿಲ್ಲ.

ಇಷ್ಟು ಹೇಳಿದಮೇಲೆ ಸ್ವಯಂಶಿಕ್ಷಣವನ್ನು ಹೊಗಳಿ ಮುಗಿಸಿಬಿಡುವುದು ಸುಲಭ. ಆದರೆ ತನಗೆ ತಾನೇ ಗುರುವಾಗುವವನು ತನಗೆ ತಾನೇ ಪರೀಕ್ಷಕನೂ ಆಗಬೇಕಾಗುತ್ತದೆ. ಪಾಠ ಹೇಳಿಕೊಳ್ಳುವುದಕ್ಕಿಂತ ಪರೀಕ್ಷಿಸಿಕೊಳ್ಳುವುದು ಕಷ್ಟ. ಶಾಲೆಯಲ್ಲಿ ಹುಡುಗ ಮಾಸ್ತರರಿಗೆ ಮೋಸ ಮಾಡಬಹುದು. ಮನೆಯಲ್ಲಿ ಕುಳಿತು ಕಲಿಯುವವನು ಮೋಸ ಮಾಡುವುದು ಯಾರಿಗೆ? ಪುಸ್ತಕದ ಕೊನೆಯ ಪುಟದಲ್ಲಿ ಉತ್ತರಗಳಿರುತ್ತವೆ. ಈಗಂತೂ ಕೈಯಲ್ಲಿರುವ ಫೋನು ಕೇಳಿದ ಕ್ಷಣಕ್ಕೆ ಉತ್ತರ ಹೇಳುತ್ತದೆ, ದಾರಿಯನ್ನೂ ಬರೆದು ತೋರಿಸುತ್ತದೆ. ಅದನ್ನು ಓದಿ ‘ಹೌದು, ನನಗೂ ಹೀಗೆಯೇ ಹೊಳೆದಿತ್ತು’ ಎಂದುಕೊಂಡವನನ್ನು ಹಿಡಿಯುವ ಪೋಲೀಸರು ಲೋಕದಲ್ಲಿಲ್ಲ. ಕಂಡದ್ದನ್ನು ಕಂಡೆನೆನ್ನಬೇಕು, ಕಾಣದ್ದನ್ನು ಕಾಣಲಿಲ್ಲವೆನ್ನಬೇಕು; ಹಾಗೆನ್ನುವಾಗ ಕೇಳುವವರು ಯಾರೂ ಇರುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಮೋಸವೊಂದುಂಟು. ನಾಸಿಕದ ಹತ್ತಿರ ದೇವಳಾಲಿಯಲ್ಲಿ ಶಾಲಾಮಾಸ್ತರರಾಗಿದ್ದ ದ. ರಾ. ಕಾಪ್ರೇಕರರು ಅಂಕೆಗಳೊಡನೆ ಆಡುತ್ತಾ ಆಡುತ್ತಾ 6174 ಎಂಬ ಸಂಖ್ಯೆಯ ಗುಣವನ್ನು ಕಂಡುಹಿಡಿದರು. ಎಲ್ಲ ಅಂಕೆಗಳೂ ಒಂದೇ ಆಗಿರದ ಯಾವುದೇ ನಾಲ್ಕಂಕಿ ಸಂಖ್ಯೆ ತೆಗೆದುಕೊಳ್ಳಿ, 3524 ಎನ್ನೋಣ. ಅಂಕೆಗಳನ್ನು ಇಳಿಕೆಯ ಕ್ರಮದಲ್ಲಿ ಬರೆದರೆ 5432, ಏರಿಕೆಯ ಕ್ರಮದಲ್ಲಿ 2345, ಕಳೆದರೆ 3087. ಅದಕ್ಕೂ ಹಾಗೆಯೇ ಮಾಡಿ: 8730ರಲ್ಲಿ 0378 ಹೋದರೆ 8352. ಮತ್ತೊಮ್ಮೆ: 8532ರಲ್ಲಿ 2358 ಹೋದರೆ 6174. ಅಲ್ಲಿಗೆ ಬಂದಮೇಲೆ ಎಷ್ಟು ಸಲ ಮಾಡಿದರೂ 6174 ಬಿಟ್ಟು ಕದಲುವುದಿಲ್ಲ. ಹತ್ತು ಸಂಖ್ಯೆಗಳನ್ನು ಪರೀಕ್ಷಿಸಿದವನು ಇದು ಎಲ್ಲ ಸಂಖ್ಯೆಗೂ ನಿಜವೆಂದು ಸಾರಬಹುದೇ? ನಾಲ್ಕಂಕಿಯ ಸಂಖ್ಯೆಗಳು ಒಂಬತ್ತು ಸಾವಿರವಷ್ಟೆ, ತಾಳ್ಮೆಯಿದ್ದರೆ ಎಲ್ಲವನ್ನೂ ನೋಡಬಹುದು. ನೋಡಿದವರಿಗೆ ಅದು ನಿಜವೇ. ಆದರೆ ಇನ್ನೊಂದು ಲೆಕ್ಕ ನೋಡಿ. ಒಂದು ಸಂಖ್ಯೆಯ ವರ್ಗಕ್ಕೆ ಆ ಸಂಖ್ಯೆಯನ್ನೂ 41ನ್ನೂ ಕೂಡಿಸಿ. ಒಂದಕ್ಕೆ 43, ಎರಡಕ್ಕೆ 47, ಮೂರಕ್ಕೆ 53. ಎಲ್ಲವೂ ಬೇರೆ ಸಂಖ್ಯೆಯಿಂದ ಭಾಗವಾಗದ ಅವಿಭಾಜ್ಯಗಳು. ನಾಲ್ಕು, ಐದು, ಹತ್ತು, ಇಪ್ಪತ್ತು, ಮೂವತ್ತೊಂಬತ್ತರವರೆಗೂ ಹಾಗೆಯೇ. ನಲವತ್ತಕ್ಕೆ ಬಂದೊಡನೆ 1681. ಅದು 41ನ್ನು 41ರಿಂದ ಗುಣಿಸಿದ್ದು! ಮೂವತ್ತೊಂಬತ್ತು ಸಾಕ್ಷಿಗಳು ಒಂದೇ ಬಾಯಿಂದ ನುಡಿದರೂ ನಲವತ್ತನೆಯದು ಎಲ್ಲವನ್ನೂ ಸುಳ್ಳು ಮಾಡಿತು.

ಒಂಟಿಯಾಗಿ ಕಲಿಯುವವನಿಗೆ ಎದುರಾಗುವ ಪ್ರಲೋಭನ ಇದೇ. ತನಗೆ ಪ್ರಿಯವಾದದ್ದು ನಾಲ್ಕು ಸಲ ನಿಜವಾದರೆ ಸದಾ ನಿಜವೆಂದು ನಂಬಿಬಿಡುವುದು. ಶಾಲೆಯಲ್ಲಾದರೆ ಪಕ್ಕದ ಹುಡುಗ ‘ನಲವತ್ತಕ್ಕೆ ಹಾಕಿ ನೋಡೋ’ ಎಂದಾನು. ಒಂಟಿಯಾದವನು ಆ ಪಕ್ಕದ ಹುಡುಗನ ಮಾತನ್ನೂ ತಾನೇ ಆಡಿಕೊಳ್ಳಬೇಕು. ಈ ಅಭ್ಯಾಸ ಗಣಿತದಲ್ಲಿ ಕೈಗೂಡಿದರೆ ಅದು ಗಣಿತದಲ್ಲಿಯೇ ನಿಲ್ಲುವುದಿಲ್ಲ. ನಾಲ್ವರು ಕೆಟ್ಟವರನ್ನು ಕಂಡು ಒಂದು ಕುಲವೇ ಕೆಟ್ಟದ್ದೆನ್ನುವ ನಾಲಗೆಯನ್ನೂ ಅದು ತಡೆದೀತು.

ತಾನೇ ಕಲಿತವರ ಮಾತು ಬಂದಾಗ ಜನ ಅದ್ಭುತ ಪುರುಷರನ್ನು ನೆನೆಯುತ್ತಾರೆ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು ಕ್ರಮವಾದ ಶಾಲಾ ಶಿಕ್ಷಣವಿಲ್ಲದೆ ಬೆಳೆದು, 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕೆಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿದರು. ಇಂಥವರನ್ನು ಕಂಡು ನಾವು ಬೆರಗಾಗಿ ಕೈಮುಗಿದು ಮನೆಗೆ ಹೋಗುತ್ತೇವೆ. ಬೆರಗು ಕೆಲವೊಮ್ಮೆ ಸೋಮಾರಿತನದ ಇನ್ನೊಂದು ಹೆಸರು. ‘ಅದು ದೈವದತ್ತ, ನಮಗೆಲ್ಲಿ ಬಂದೀತು’ ಎಂದಮೇಲೆ ನಾವು ಮಾಡಬೇಕಾದದ್ದು ಏನೂ ಉಳಿಯುವುದಿಲ್ಲವಲ್ಲ! ಜೋಳದ ಕಾಳುಗಳ ಚೌಕಕ್ಕೆ ದೈವದತ್ತ ಶಕ್ತಿ ಬೇಕಾಗಿಲ್ಲ. ಅರ್ಧ ಗಂಟೆಯ ಏಕಾಂತ ಸಾಕು.

ಆದರೆ ಏಕಾಂತ ಎಷ್ಟರವರೆಗೆ? ಇಲ್ಲಿ ರಾಮಾನುಜನ್ನರ ಬಾಳು ಪಾಠ ಹೇಳುತ್ತದೆ. 1903ರ ಹೊತ್ತಿಗೆ ಕುಂಭಕೋಣದ ಆ ಹುಡುಗನ ಕೈಗೆ ಕಾರ್ ಎಂಬ ಇಂಗ್ಲಿಷ್ ಲೇಖಕನ ಪುಸ್ತಕ ಬಂತು. ಸುಮಾರು ಐದು ಸಾವಿರ ಸೂತ್ರಗಳು, ಸಾಧನೆಗಳು ಅತ್ಯಲ್ಪ. ಆ ಕೊರತೆಯೇ ಅವರಿಗೆ ವರವಾಯಿತು. ಬಿಟ್ಟ ಸಾಧನೆಗಳನ್ನು ತಾವೇ ಹುಡುಕುತ್ತ ಅವರು ಗಣಿತಜ್ಞರಾದರು. ಆದರೆ ಗಣಿತದ ಹುಚ್ಚಿನಲ್ಲಿ ಉಳಿದ ವಿಷಯಗಳಲ್ಲಿ ನಪಾಸಾಗಿ ಕಾಲೇಜಿನ ವಿದ್ಯಾರ್ಥಿವೇತನ ಕಳೆದುಕೊಂಡರು. 1913ರ ಜನವರಿಯಲ್ಲಿ ಕೇಂಬ್ರಿಜ್ಜಿನ ಹಾರ್ಡಿಗೆ ಅವರು ಬರೆದ ಪತ್ರದಲ್ಲಿ ಕೆಲವು ಫಲಗಳು ಆಗಲೇ ಲೋಕಕ್ಕೆ ತಿಳಿದವು, ಅವಿಭಾಜ್ಯ ಸಂಖ್ಯೆಗಳನ್ನು ಕುರಿತ ಕೆಲವು ತಪ್ಪು, ಕೆಲವು ಯಾರೂ ಕಂಡಿರದವು. ಹಾರ್ಡಿ ಮರುಪತ್ರದಲ್ಲಿ ಬೇಡಿದ್ದು ಸಾಧನೆಗಳನ್ನು. ಪ್ರತಿಭೆಯ ಶಿಖರದಲ್ಲಿದ್ದವರಿಗೂ ‘ಇದಕ್ಕೆ ಸಾಧನೆ ಎಲ್ಲಿ?’ ಎಂದು ಕೇಳುವ ಒಬ್ಬ ಗೆಳೆಯ ಬೇಕಾಯಿತು. ತಾನೇ ಕಲಿಯುವುದು ಬೇರೆ, ಒಬ್ಬನೇ ಕಲಿಯುವುದು ಬೇರೆ. ಮೊದಲನೆಯದು ಗುಣ, ಎರಡನೆಯದು ಅನೇಕ ವೇಳೆ ದುರ್ದೈವ.

ಇಂಡಿ ಸೀಮೆಗೆ ಈ ಮಾತು ಹೊಸದಲ್ಲ. ಹಲಸಂಗಿ ಎಂಬ ಸಣ್ಣ ಹಳ್ಳಿಯಲ್ಲಿ ಮಧುರಚೆನ್ನರು ಮತ್ತು ಅವರ ಗೆಳೆಯರು ದೊಡ್ಡ ಕಾಲೇಜುಗಳ ನೆರಳಿಲ್ಲದೆ ಒಟ್ಟಿಗೆ ಓದಿದರು, ಚರ್ಚಿಸಿದರು, ಹೆಂಗಸರ ಬಾಯಲ್ಲಿದ್ದ ಹಾಡುಗಳನ್ನು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಕಾವ್ಯಕ್ಕಾಗಿ ಒಂದು ಹಳ್ಳಿಯಲ್ಲಿ ಗೆಳೆಯರ ಗುಂಪು ಕಟ್ಟಬಹುದಾದರೆ ಗಣಿತಕ್ಕಾಗಿ ಏಕೆ ಕಟ್ಟಬಾರದು? ಕನ್ನಡದಲ್ಲಿ ಗಣಿತ ಸಾಧ್ಯವೇ ಎಂಬ ಸಂಶಯಕ್ಕೂ ಎಡೆಯಿಲ್ಲ. ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿ ಬರೆದ. ‘ಲೀಲಾವತಿ’ಯ ಕರ್ತೃ ಭಾಸ್ಕರಾಚಾರ್ಯ ವಿಜಾಪುರದವನೇ ಎಂಬ ಅಭಿಮಾನ ಆ ಜಿಲ್ಲೆಯಲ್ಲುಂಟು. ವಿದ್ವಾಂಸರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಆದರೆ ಅವನು ವಿದ್ಯೆ ಕಲಿತದ್ದು ತನ್ನ ತಂದೆ ಮಹೇಶ್ವರನಿಂದ, ಮನೆಯಲ್ಲಿ, ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಶಾಲೆಯ ಹೊರಗಿನ ಕಲಿಕೆಗೂ ಒಬ್ಬ ಬಲ್ಲವನ ಜೊತೆ, ತನ್ನ ನುಡಿಯ ಒಂದು ಪುಸ್ತಕ, ಸ್ವಲ್ಪ ಬಿಡುವು, ಇಷ್ಟು ಬೇಕೇ ಬೇಕು.

ಆದ್ದರಿಂದಲೇ ಒಂದು ಎಚ್ಚರಿಕೆಯ ಮಾತು ಹೇಳಬೇಕಾಗಿದೆ. ‘ರಾಮಾನುಜನ್ ತಾನೇ ಕಲಿಯಲಿಲ್ಲವೇ? ನೀನೂ ಕಲಿ’ ಎಂದು ಬಡವನ ಮಗನಿಗೆ ಉಪದೇಶ ಮಾಡುವುದು ಸುಲಭ. ಮಾಸ್ತರರನ್ನು ಕಳಿಸದವನೂ, ಪುಸ್ತಕ ಕೊಡದವನೂ, ಕಬ್ಬು ಕಡಿಯಲು ತಂದೆತಾಯಿಗಳ ಹಿಂದೆ ಪರನಾಡಿಗೆ ಹೋಗುವ ಕೂಸನ್ನು ತಡೆಯದವನೂ ಈ ಮಾತು ಆಡಿದರೆ ಅದು ಉಪದೇಶವಲ್ಲ, ಜಾರಿಕೊಳ್ಳುವ ಉಪಾಯ. 1776ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಸೋಫಿ ಜರ್ಮೇನ್ ಎಂಬ ಹುಡುಗಿ ರಾತ್ರಿ ಗಣಿತ ಓದುತ್ತಾಳೆಂದು ಹೆತ್ತವರು ಅವಳ ಮೇಣದ ಬತ್ತಿಯನ್ನು ಕಿತ್ತುಕೊಂಡರಂತೆ. ಅವಳು ಬಚ್ಚಿಟ್ಟ ಬತ್ತಿಯಲ್ಲಿ ಓದಿದಳು. ಹೆಣ್ಣಿಗೆ ಪ್ರವೇಶವಿಲ್ಲದ ವಿದ್ಯಾಲಯದ ಪಾಠಗಳನ್ನು ತರಿಸಿಕೊಂಡು ಗಂಡಸಿನ ಹೆಸರಿನಲ್ಲಿ ಉತ್ತರ ಬರೆದು ಕಳಿಸಿದಳು. ಅವಳ ಛಲವನ್ನು ಹೊಗಳೋಣ. ಆದರೆ ಬತ್ತಿ ಕಿತ್ತುಕೊಂಡವರನ್ನೂ ಬಾಗಿಲು ಮುಚ್ಚಿದವರನ್ನೂ ಅವಳ ಛಲ ನಿರಪರಾಧಿಗಳನ್ನಾಗಿ ಮಾಡಲಾರದು. ಒಬ್ಬ ಸೋಫಿ ಬತ್ತಿ ಬಚ್ಚಿಟ್ಟು ಓದಿದರೆ, ಬತ್ತಿಯೇ ಇಲ್ಲದೆ ಮಲಗಿದವರು ಎಷ್ಟು ಮಂದಿಯೋ.

ಹಿಂದಿನವರು ಇದನ್ನು ಅರಿತಿದ್ದರೆಂಬುದಕ್ಕೆ ಇಂಡಿ ತಾಲ್ಲೂಕಿನಲ್ಲಿಯೇ ಕಲ್ಲಿನ ಸಾಕ್ಷಿಯುಂಟು. ಸಾಲೋಟಗಿಯ ಕಂಬದ ಶಾಸನ 945ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಗೆ ನಾನಾ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ ಇಪ್ಪತ್ತೇಳು ಮನೆಗಳು. ಅವರ ಪೋಷಣೆಗೆ ಭೂಮಿ, ಗುರುವಿಗೆ ಭೂಮಿ, ದೀಪಕ್ಕೆಂದೇ ಬೇರೆ ಭೂಮಿ. ಮದುವೆ ಮುಂಜಿಗಳಲ್ಲಿ ಮನೆಯವರು ಶಾಲೆಗೆ ಇಷ್ಟು ಕಾಣಿಕೆ ಕೊಡಬೇಕೆಂದೂ ಗೊತ್ತುಮಾಡಿದ್ದರು. ಅಂದಿನ ಶಾಲೆ ಎಲ್ಲರಿಗೂ ತೆರೆದಿತ್ತೆಂದು ಭ್ರಮಿಸಬೇಕಾಗಿಲ್ಲ. ಆದರೆ ದೀಪದ ಎಣ್ಣೆಗೆಂದು ಭೂಮಿ ಬಿಟ್ಟ ಆ ಒಂದು ವಿವರ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಓದುವವನು ತಾನೇ ಓದಬೇಕು, ಅವನ ಬದಲಿಗೆ ಯಾರೂ ಓದಲಾರರು. ಆದರೆ ಅವನು ಕತ್ತಲೆಯಲ್ಲಿ ಕುಳಿತಿದ್ದರೆ ಅದು ಊರಿನ ತಪ್ಪು.

ಹೀಗೆ ನೋಡಿದರೆ ಶಾಲೆಗೂ ಸ್ವಯಂಶಿಕ್ಷಣಕ್ಕೂ ಜಗಳವಿಲ್ಲ. ಶಾಲೆಯಲ್ಲಿ ಕುಳಿತವನಿಗೂ ಗಣಿತ ಕೊನೆಗೆ ತಾನೇ ಕಾಣದೆ ಬಾರದು. ಮಾಸ್ತರರು ಕಾಳುಗಳನ್ನು ಜೋಡಿಸಿ ತೋರಿಸಿಯಾರು, ಚೌಕವನ್ನು ಅವನ ಕಣ್ಣಿನಿಂದ ಕಂಡುಕೊಡಲಾರರು. ಶಾಲೆಯ ಹೊರಗೆ ಕಲಿತವನು ಮಾಡಿದ್ದೂ ಇಷ್ಟೇ: ಎಲ್ಲರೂ ಕೊನೆಗೆ ಮಾಡಬೇಕಾದ ಕೆಲಸವನ್ನು ಅವನು ಮೊದಲಿನಿಂದಲೇ ಮಾಡಿದ. ಅವನ ಹೊಣೆ ಎರಡು. ಯಾರೂ ನೋಡದಿರುವಾಗಲೂ ತನಗೆ ತಾನು ಸುಳ್ಳು ಹೇಳದಿರುವುದು ಒಂದು. ಕಂಡದ್ದನ್ನು ಪಕ್ಕದವನಿಗೆ, ಅವನ ನುಡಿಯಲ್ಲಿ, ತೋರಿಸುವುದು ಇನ್ನೊಂದು. ಊರಿನ ಹೊಣೆ ಒಂದೇ, ಎಣ್ಣೆ ಆರದಂತೆ ನೋಡಿಕೊಳ್ಳುವುದು. ಸಾವಿರ ವರ್ಷದ ಹಿಂದೆ ಕಲ್ಲಿನ ಮೇಲೆ ಕೊರೆದಿಟ್ಟ ಈ ಬಾಕಿಯನ್ನು ನಾವು ಇನ್ನೂ ತೀರಿಸಿಲ್ಲ. ಅದರ ಲೆಕ್ಕ ಮಾಡಲು ಯಾವ ಪರೀಕ್ಷೆಯನ್ನೂ ಪಾಸು ಮಾಡಬೇಕಾಗಿಲ್ಲ.